ರೇಡಿಯೋ ಸುಮ್ಮನಿದ್ದ ಭಾನುವಾರಗಳು

ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಕಾರು ಕಲಿಸುವ ಶಾಲೆಯಲ್ಲಿ ಅವನಿಗೆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು, ಉಸಿರು ಬಿಗಿಹಿಡಿದು ಸ್ಟಿಯರಿಂಗ್ ತಿರುಗಿಸುವವರಿಗೆ ಕ್ಲಚ್ಚು, ಗೇರು, ಕನ್ನಡಿ ಎಂದು ಹೇಳುತ್ತಲೇ ಇರಬೇಕು. ಮನೆಗೆ ಬಂದ ಮೇಲಾದರೂ ಬಾಯಿಗೆ ಬಿಡುವು ಕೊಡುತ್ತಿದ್ದನೇ ಎಂದರೆ ಅದೂ ಇಲ್ಲ. ಶೂ ಬಿಚ್ಚುತ್ತಾ ಶುರುವಾದ ಮಾತು ದಿಂಬಿಗೆ ತಲೆ ಕೊಟ್ಟ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಯಾರನ್ನೂ ನೋಯಿಸುವ ಮಾತಲ್ಲ. ನಗಿಸುವ ಮಾತು, ಕೇಳಿದವರು ಮರುದಿನ ಇನ್ನೊಬ್ಬರಿಗೆ ಹೇಳುವಂಥ ಮಾತು.

ಅವನ ಹೆಂಡತಿ ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳು ಉದುರಿದ ಗೋಡೆಯ ಚಕ್ಕೆಯನ್ನೋ, ಪರದೆಯ ತುಂಡನ್ನೋ ತಂದು ಇದೇ ಬಣ್ಣ ಬೇಕು ಎನ್ನುತ್ತಿದ್ದರು. ಅವಳು ಬಿಳಿ ಬಣ್ಣದ ಡಬ್ಬಕ್ಕೆ ಹಳದಿ, ನೀಲಿ, ಕಪ್ಪನ್ನು ಹನಿ ಹನಿಯಾಗಿ ಬೆರೆಸಿ, ರಟ್ಟಿನ ಮೇಲೆ ಬಳಿದು, ಒಣಗುವ ತನಕ ಕಾಯುತ್ತಿದ್ದಳು. ಒದ್ದೆ ಇದ್ದಾಗ ಕಾಣುವ ಬಣ್ಣವೇ ಬೇರೆ, ಒಣಗಿದ ಮೇಲಿನ ಬಣ್ಣವೇ ಬೇರೆ. ಅಂಗಡಿಯಲ್ಲಿ ಎಲ್ಲರಿಗೂ ಅವಳು ಬಣ್ಣದಕ್ಕ. ಏನನ್ನೇ ಆಗಲಿ ನೋಡಿದ ಕೂಡಲೇ ಹೀಗೆ ಎಂದು ಹೇಳುವ ಸ್ವಭಾವ ಅವಳದಲ್ಲ. ಅವಳ ಗಂಡನಿಗೋ, ನೋಡಿ ಮುಗಿಯುವ ತನಕ ಕಾಯುವುದೂ ಕಷ್ಟ.

ಪ್ರತಿ ಭಾನುವಾರ ಮಧ್ಯಾಹ್ನ ಅವರು ಸಿನಿಮಾಕ್ಕೆ ಹೋಗುತ್ತಿದ್ದರು. ಜೊತೆಗೆ ರೇಡಿಯೋನ ತಮ್ಮ, ಅವನ ಹೆಂಡತಿ. ತಮ್ಮ ನಲ್ಲಿ, ಪೈಪು ರಿಪೇರಿ ಮಾಡುವ ಪ್ಲಂಬರ್. ಸಿನಿಮಾ ಬಿಟ್ಟ ಮೇಲೆ ನಾಲ್ವರೂ ಥಿಯೇಟರಿನ ಪಕ್ಕದ ಟೀ ಅಂಗಡಿಗೆ ಹೋಗಿ, ಕಿಟಕಿ ಪಕ್ಕದ ಮೇಜು ಹಿಡಿಯುತ್ತಿದ್ದರು. ನಿಜವಾದ ಸಿನಿಮಾ ಶುರುವಾಗುವುದೇ ಅಲ್ಲಿ ಎಂದು ತಮ್ಮ ತಮಾಷೆ ಮಾಡುತ್ತಿದ್ದ.

"ಮೊದಲರ್ಧ ಕತ್ತರಿಸಿ ಎಸೀಬೇಕು," ಎಂದು ರೇಡಿಯೋ ಪೀಠಿಕೆ ಹಾಕುತ್ತಿದ್ದ. "ಎರಡನೇ ಅರ್ಧದಲ್ಲಿ ಕತೆ ಇದೆ. ಆದ್ರೆ ಆ ಹುಡುಗಿ ರೈಲು ಹತ್ತಬಾರದಿತ್ತು ಕಣೋ. ರೈಲು ಹತ್ತಿಸಿ ಕತೆ ಮುಗಿಸೋದು ಸೋಮಾರಿ ನಿರ್ದೇಶಕರ ಕೆಲಸ."

"ಹತ್ತದೇ ಇನ್ನೇನು ಪ್ಲಾಟ್‌ಫಾರ್ಮಲ್ಲೇ ಸಂಸಾರ ಮಾಡ್ಬೇಕಿತ್ತಾ?" ಎಂದು ತಮ್ಮ ಕೆಣಕುತ್ತಿದ್ದ.

ಒಮ್ಮೊಮ್ಮೆ ಓರಗಿತ್ತಿ ಬಣ್ಣದಕ್ಕನ ಕಡೆ ತಿರುಗಿ, "ಅಕ್ಕ, ನಿಮಗೇನನ್ನಿಸ್ತು?" ಎಂದು ಕೇಳುತ್ತಿದ್ದಳು. ಬಣ್ಣದಕ್ಕ ಲೋಟ ಕೆಳಗಿಟ್ಟು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಗಂಡ ಉತ್ತರ ಕೊಟ್ಟಾಗಿರುತ್ತಿತ್ತು.

"ಅವಳಿಗೆ ಭಾರಿ ಇಷ್ಟ ಆಯ್ತು. ಆ ತಾಯಿ ಸೀನಲ್ಲಿ ಮೂಗು ಒರೆಸ್ಕೊಳ್ತಾ ಇದ್ಲು, ನಾನು ನೋಡ್ದೆ."

ಅವಳು ಮೂಗು ಒರೆಸಿಕೊಂಡಿದ್ದು ನೆಗಡಿಯಾಗಿದ್ದಕ್ಕೆ. ಆ ತಾಯಿಯ ಪಾತ್ರ ಅವಳಿಗೆ ಕಿಂಚಿತ್ತೂ ಹಿಡಿಸಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಮಾತು ಮುಂದಿನ ಸೀನಿಗೆ ಹೋಗಿರುತ್ತಿತ್ತು. ಅವಳು ನಕ್ಕು ಲೋಟ ಎತ್ತಿಕೊಳ್ಳುತ್ತಿದ್ದಳು. ಬೇಸರವೇನೂ ಇರಲಿಲ್ಲ. ಗಂಡ ಇಬ್ಬರ ಪಾಲಿನದನ್ನೂ ಮಾತಾಡುತ್ತಾನೆ, ತನಗೆ ಆ ತೊಂದರೆ ತಪ್ಪಿತು ಎಂದುಕೊಂಡು ವರ್ಷಗಳೇ ಕಳೆದಿದ್ದವು.

ಒಂದು ಬೆಳಿಗ್ಗೆ ರೇಡಿಯೋ ಒಬ್ಬ ಅಜ್ಜಿಗೆ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದ. ಮೊಮ್ಮಕ್ಕಳೆದುರು ಪಂತ ಕಟ್ಟಿ ಕಲಿಯಲು ಬಂದ ಅಜ್ಜಿ. ಎಡಕ್ಕೆ ಎಂದು ಹೇಳಹೊರಟವನು ಎ ಎಂದಲ್ಲೇ ನಿಂತ. ಆಮೇಲೆ ಬಾಯಿಂದ ಬಂದ ಸದ್ದು ಮಾತಾಗಿರಲಿಲ್ಲ. ಅಜ್ಜಿ ತಿರುಗಿ ನೋಡಿದಾಗ ಅವನ ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಅದುವರೆಗೆ ಎರಡನೇ ಗೇರು ದಾಟಿದವಳಲ್ಲ ಆಕೆ. ಹಾರನ್ನಿನ ಮೇಲೆ ಒತ್ತಿದ ಕೈ ಎತ್ತದೆ, ಅದೇ ಎರಡನೇ ಗೇರಿನಲ್ಲಿ ಇಡೀ ಪೇಟೆ ದಾಟಿ, ಆಸ್ಪತ್ರೆಯ ಮೆಟ್ಟಿಲಿಗೆ ಕಾರನ್ನು ತಾಗಿಸಿಯೇ ನಿಲ್ಲಿಸಿದಳು. ಬೇಗ ತಂದದ್ದರಿಂದ ಜೀವ ಉಳಿಯಿತು ಎಂದು ಡಾಕ್ಟರು ಹೇಳಿದರು.

ಜೀವ ಉಳಿಯಿತು, ಕಾಲು ಕೊಂಚ ಎಳೆಯುತ್ತಿತ್ತು, ಬಲಗೈಗೆ ಹಿಡಿತ ಬರಲಿಲ್ಲ. ಮಾತು ಮಾತ್ರ ಪೂರಾ ಹೋಯಿತು. ಉಳಿದದ್ದು ಒಂದೇ ಒಂದು ಶಬ್ದ: "ಅದಲ್ಲ." ನೀರು ಬೇಕಾದರೂ ಅದಲ್ಲ, ಬೇಡವಾದರೂ ಅದಲ್ಲ. ಹೇಳಬೇಕಾದದ್ದು ಬಾಯಿಗೆ ಬರುವಷ್ಟರಲ್ಲಿ ಅದಲ್ಲ ಎಂದಾಗಿಬಿಡುತ್ತಿತ್ತು. ಹಾಗೆ ಆದದ್ದು ಅವನಿಗೂ ಗೊತ್ತಾಗಿ, ಮತ್ತೆ "ಅದಲ್ಲ, ಅದಲ್ಲ" ಎಂದು ತಲೆ ಕೊಡವುತ್ತಿದ್ದ.

ಮಾತು ಕಲಿಸಲು ಆಸ್ಪತ್ರೆಯಲ್ಲಿ ಒಬ್ಬಾಕೆ ಇದ್ದಳು. ಎಲ್ಲರೂ ಅವಳನ್ನು ಮಾತಿನ ಡಾಕ್ಟರಮ್ಮ ಎನ್ನುತ್ತಿದ್ದರು. "ಅವರ ತಲೇಲಿ ಮಾತೆಲ್ಲ ಇದೆ," ಎಂದು ಅವಳು ಬಣ್ಣದಕ್ಕನಿಗೆ ಬಿಡಿಸಿ ಹೇಳಿದಳು. "ಹೊರಗೆ ಬರೋ ದಾರಿ ಕಟ್ಟಿದೆ, ಅಷ್ಟೇ. ನೀವು ಹೇಳಿದ್ದೆಲ್ಲ ಅರ್ಥ ಆಗುತ್ತೆ. ದಯವಿಟ್ಟು ಮಗು ಹತ್ರ ಮಾತಾಡೋ ಹಾಗೆ ಮಾತ್ರ ಮಾತಾಡ್ಬೇಡಿ."

ಅವಳು ಚಿತ್ರದ ಕಾರ್ಡುಗಳನ್ನು ಕೊಟ್ಟು ಕಳಿಸಿದಳು. ಬಾಚಣಿಗೆ, ಲೋಟ, ಚಪ್ಪಲಿ. ರೇಡಿಯೋ ಚಪ್ಪಲಿಯ ಚಿತ್ರವನ್ನು ದಿಟ್ಟಿಸಿ ನೋಡುತ್ತಿದ್ದ, ತುಟಿ ಕೂಡಿಸುತ್ತಿದ್ದ, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದ.

ಮನೆ ಸದ್ದಿಲ್ಲದಾಯಿತು. ಫ್ರಿಜ್ಜು ಗುರ್ ಎನ್ನುತ್ತದೆ ಎಂಬುದು ಬಣ್ಣದಕ್ಕನಿಗೆ ತಿಳಿದದ್ದೇ ಆಗ. ತಾನೇ ಮಾತಾಡೋಣವೆಂದರೆ ಏನು ಮಾತಾಡುವುದು? ಅಷ್ಟು ವರ್ಷ ಕೇಳಿ ಅಭ್ಯಾಸ, ಹೇಳಿ ಅಭ್ಯಾಸವಿರಲಿಲ್ಲ. ಮಾತ್ರೆ ತಗೊಂಡ್ರಾ, ಕಿಟಕಿ ಮುಚ್ಚಲಾ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಮೈದುನ ಸಂಜೆ ಹೊತ್ತು ಬಂದು ಅಣ್ಣನೆದುರು ಕೂರುತ್ತಿದ್ದ. ಹೊರಗಿನ ಬಿಸಿಲಿನ ಬಗ್ಗೆ ಎರಡು ಮಾತು ಆಡಿ, ಎದ್ದು ಹೋಗಿ ನಲ್ಲಿಗಳನ್ನು ನೋಡುತ್ತಿದ್ದ. ಮನೆಯಲ್ಲಿ ಸೋರದ ನಲ್ಲಿಗಳನ್ನೂ ಒಂದೊಂದಾಗಿ ಬಿಗಿ ಮಾಡಿಟ್ಟ.

ಒಂದು ಭಾನುವಾರ ಅವನೇ ಹೇಳಿದ: "ಅತ್ತಿಗೆ, ನೀವು ಸಿನಿಮಾಕ್ಕೆ ಹೋಗಿ ಬನ್ನಿ. ನಾನಿರ್ತೀನಿ ಇಲ್ಲಿ. ನನ್ನ ಹೆಂಡತಿಗೆ ಇವತ್ತು ಕೆಲಸದ ಪಾಳಿ ಇದೆ, ಇಲ್ಲಾಂದ್ರೆ ಜೊತೆಗೆ ಬರ್ತಿದ್ಲು."

"ಒಬ್ಬಳೇನಾ? ಬೇಡಪ್ಪ. ಇವರನ್ನ ಬಿಟ್ಟು ನಾನು ಹೋಗಿ ಸಿನಿಮಾ ನೋಡ್ಲಾ?"

ಕುರ್ಚಿಯಲ್ಲಿದ್ದ ರೇಡಿಯೋ ಎಡಗೈ ಎತ್ತಿ ಬಾಗಿಲಿನ ಕಡೆ ಬೀಸಿದ. ಹೋಗು ಎಂದು ಬಾಯಿಬಿಟ್ಟು ಹೇಳಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಅವಳು ಹೋದಳು. ಪಕ್ಕದ ಸೀಟು ಖಾಲಿ ಇತ್ತು. ಚೀಲ ಅದರ ಮೇಲಿಟ್ಟಳು, ಯಾಕೋ ಸರಿಕಾಣದೆ ಮತ್ತೆ ಮಡಿಲಿಗೆ ತೆಗೆದುಕೊಂಡಳು. ಕಿವಿಯ ಹತ್ತಿರ ಪಿಸುಗುಟ್ಟುವವರಿಲ್ಲದೆ ಒಂದು ಸಿನಿಮಾವನ್ನು ಅವಳು ಪೂರ್ತಿ ನೋಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಮೈದುನ ಕೇಳಿದ: "ಹೇಗಿತ್ತು ಅತ್ತಿಗೆ?"

ಅವಳು ರೂಢಿಯಂತೆ ಗಂಡನ ಮುಖ ನೋಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಇಬ್ಬರೂ ಕಾಯುತ್ತಿದ್ದರು. ಬೇರೆ ಯಾರೂ ಉತ್ತರ ಕೊಡುವವರಿರಲಿಲ್ಲ.

"ಇಬ್ಬರು ಅಕ್ಕ ತಂಗಿ ಕತೆ," ಎಂದು ಶುರುಮಾಡಿದಳು. "ಅಪ್ಪ ತೀರಿಹೋದ ಮೇಲೆ ತಂಗಿ ಮನೆ ಮಾರೋಣ ಅಂತಾಳೆ, ಅಕ್ಕ ಬೇಡ ಅಂತಾಳೆ. ಕೊನೆಗೆ ತಂಗಿ ಅಕ್ಕನ ಕಾಲು ಹಿಡ್ಕೊಂಡು ಅಳ್ತಾಳೆ, ತಪ್ಪಾಯ್ತು ಅಂತ."

"ಒಳ್ಳೇದಾಯ್ತು ಬಿಡಿ. ತಂಗಿಗೆ ಬುದ್ಧಿ ಬಂತು."

"ಅವಳ್ದೇನು ತಪ್ಪು?" ಮಾತು ತಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಅಪ್ಪ ಮಲಗಿದ್ದಾಗ ನೋಡ್ಕೊಂಡಿದ್ದು ತಂಗಿ. ಆ ಮನೆ ಅಂದ್ರೆ ಅವಳಿಗೆ ಔಷಧಿ ವಾಸನೆ. ಅಕ್ಕ ಬರ್ತಿದ್ದಿದ್ದು ರಜಕ್ಕೆ. ಅವಳಿಗೆ ಆ ಮನೆ ಅಂದ್ರೆ ಹಿತ್ತಲಿನ ಉಯ್ಯಾಲೆ. ಇಬ್ಬರೂ ಮಾತಾಡ್ತಿರೋದು ಒಂದೇ ಮನೆ ಬಗ್ಗೆ ಅಲ್ಲವೇ ಅಲ್ಲ."

"ಹಾಗಂತ ಸಿನಿಮಾದಲ್ಲಿ ಹೇಳ್ತಾರಾ?"

"ಹೇಳಲ್ಲ. ತೋರಿಸ್ತಾರೆ. ಅಕ್ಕ ಇದ್ದಾಗ ನಡುಮನೆ ಗೋಡೆ ಹಳದಿ. ತಂಗಿ ಒಬ್ಬಳೇ ಇದ್ದಾಗ ಅದೇ ಗೋಡೆ ಮಂಕು. ಒಂದು ಹನಿ ಕಪ್ಪು ಬೆರೆಸಿದಾರೆ. ಅಷ್ಟು ಚೆನ್ನಾಗಿ ಮಾಡಿ, ಕೊನೇಲಿ ಅವಳನ್ನ ಕಾಲಿಗೆ ಬೀಳಿಸಿದ್ರಲ್ಲ, ಅದು ನನಗೆ ಸರಿಬರಲಿಲ್ಲ."

ರೇಡಿಯೋ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದ. ಅವಳು ನಿಲ್ಲಿಸಿದೊಡನೆ ಎಡಗೈ ಎತ್ತಿ ಹೇಳಿದ: "ಅದಲ್ಲ."

ಮೈದುನ ನಗತೊಡಗಿದ. "ನೋಡಿ ಅತ್ತಿಗೆ, ಸಿನಿಮಾ ನೋಡದೇನೇ ನೀವು ಹೇಳಿದ್ದು ತಪ್ಪು ಅಂತಿದಾನೆ." ಅದಕ್ಕೆ ರೇಡಿಯೋನೂ ನಕ್ಕ. ಅರ್ಧ ಬಾಯಿ ಮಾತ್ರ ನಗುತ್ತಿತ್ತು, ಆದರೆ ನಗು ಪೂರ್ತಿಯದೇ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲ ಸಲ.

ಆಮೇಲೆ ಅವಳು ಪ್ರತಿ ಭಾನುವಾರ ಹೋದಳು. ಒಮ್ಮೆ ಓರಗಿತ್ತಿಯ ಜೊತೆ, ಒಮ್ಮೆ ಒಬ್ಬಳೇ. ಬಂದು ಗಂಡನೆದುರು ಕೂತು, ಕತೆ ಹೇಳಿ, ತನಗೆ ಹಿಡಿಸಿದ್ದು ಯಾವುದು, ಹಿಡಿಸದ್ದು ಯಾವುದು, ಯಾಕೆ ಎಂದು ಹೇಳುತ್ತಿದ್ದಳು. ಡಾಕ್ಟರಮ್ಮನಿಗೆ ಈ ಸುದ್ದಿ ಗೊತ್ತಾದಾಗ ಅವಳು ಕಾರ್ಡುಗಳನ್ನು ಬದಿಗಿಟ್ಟು, "ಇದನ್ನೇ ಮುಂದುವರಿಸೋಣ. ಹೇಳಿ ಆದ ಮೇಲೆ ಅವರನ್ನ ಒಂದು ಪ್ರಶ್ನೆ ಕೇಳಿ. ಕೇಳಿ ಕಾಯಿರಿ. ಎಷ್ಟು ಹೊತ್ತಾದ್ರೂ ಸರಿ. ನೀವು ಹೇಳಿಕೊಡೋಕೆ ಮಾತ್ರ ಹೋಗ್ಬೇಡಿ. ಅದೇ ಎಲ್ಲಕ್ಕಿಂತ ಕಷ್ಟ," ಎಂದಳು.

ಕಷ್ಟವೇ ಆಗಿತ್ತು. ಆದರೂ ಕಾದದ್ದಕ್ಕೆ ಶಬ್ದಗಳು ಒಂದೊಂದೇ ಬಂದವು. ಮೊದಲು "ಹೂಂ." ಆಮೇಲೆ "ಸಾಕು." ನಾಯಕ ಹಾರುವ ಹೆಲಿಕಾಪ್ಟರಿನಿಂದ ಓಡುವ ಲಾರಿಗೆ ಧುಮುಕಿದ ಎಂದು ಅವಳು ಹೇಳಿದ ದಿನ ಅವನು ಹುಬ್ಬು ಗಂಟಿಕ್ಕಿ, ತುಟಿ ತಡಕಾಡಿಸಿ, "ಸು... ಸುಳ್ಳು," ಎಂದ. ಅವಳು ಆ ಹೆಲಿಕಾಪ್ಟರಿಗೆ ಮನಸ್ಸಿನಲ್ಲೇ ಕೈಮುಗಿದಳು.

ಇದರ ನಡುವೆ ಅವಳಿಗೆ ಒಂದು ಗಾಬರಿಯೂ ಇತ್ತು, ಯಾರೊಂದಿಗೂ ಹೇಳಿಕೊಳ್ಳದ ಗಾಬರಿ. ಅವಳಿಗೆ ಖುಷಿಯಾಗುತ್ತಿತ್ತು. ಅಂಗಡಿಯಲ್ಲಿ ಹಸಿರು ಕಲಸುವಾಗ ಭಾನುವಾರ ಏನು ಹೇಳಬೇಕೆಂದು ಮಾತುಗಳು ತಾವಾಗಿ ಕೂಡಿಕೊಳ್ಳುತ್ತಿದ್ದವು. ಗಿರಾಕಿಗಳು ಯಾವ ಸಿನಿಮಾ ನೋಡಬಹುದು ಬಣ್ಣದಕ್ಕ ಎಂದು ಕೇಳುತ್ತಿದ್ದರು. ಗಂಡನ ಬಾಯಿ ಕಟ್ಟಿದ ಕಾಲದಲ್ಲಿ ತನಗೆ ಹೀಗೆ ಬಾಯಿ ಬಂದದ್ದು, ಅದು ಹಿತವಾಗಿರುವುದು, ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ. ಅವನು ಮೊದಲಿನಂತಾಗಲಿ ಎಂದು ದಿನವೂ ಬಯಸುತ್ತಿದ್ದಳು. ಮೊದಲಿನಂತಾದರೆ ತಾನು ಮತ್ತೆ ಲೋಟ ಎತ್ತಿಕೊಂಡು ನಗುತ್ತಾ ಕೂರಬೇಕಾಗುತ್ತದೆ ಎಂಬುದೂ ತಲೆಯಲ್ಲಿ ಸುಳಿಯುತ್ತಿತ್ತು.

ಕಾಲಿಗೆ ಬಲ ಬಂದ ಮೇಲೆ ಅವನನ್ನೂ ಸಿನಿಮಾಕ್ಕೆ ಕರೆದುಕೊಂಡು ಹೋದರು. ಎದ್ದುಬರಲು ಸುಲಭವಾಗಲೆಂದು ಅಂಚಿನ ಸೀಟು. ಆ ಸಿನಿಮಾ, ದೋಣಿ ನಡೆಸುವ ಅಪ್ಪ ಮಗನ ಕತೆ. ಒಂದು ಜಗಳದ ನಂತರ ಇಬ್ಬರೂ ಮಾತು ಬಿಟ್ಟಿರುತ್ತಾರೆ. ಒಂದೇ ದೋಣಿಯಲ್ಲಿ ದುಡಿಯುತ್ತಾ, ಒಂದೇ ಮನೆಯಲ್ಲಿ ಉಣ್ಣುತ್ತಾ ವರ್ಷಗಟ್ಟಲೆ ಮಾತಿಲ್ಲ. ಕೊನೆಯಲ್ಲಿ ಅಪ್ಪ ದೋಣಿಯ ಹಗ್ಗವನ್ನು ಮಗನ ಕೈಗಿಟ್ಟು, ಏನೂ ಹೇಳದೆ ದಡ ಹತ್ತಿ ನಡೆದುಹೋಗುತ್ತಾನೆ. ದೀಪ ಹತ್ತಿದಾಗ ರೇಡಿಯೋನ ಕಣ್ಣು ಒದ್ದೆಯಾಗಿತ್ತು.

ಟೀ ಅಂಗಡಿಯಲ್ಲಿ ಅದೇ ಕಿಟಕಿ ಪಕ್ಕದ ಮೇಜು ಸಿಕ್ಕಿತು. ತಮ್ಮ ಹಳೆಯ ಹುರುಪಿನಲ್ಲಿ ಕೇಳಿಯೇಬಿಟ್ಟ: "ಹೇಳಣ್ಣ, ಹೇಗಿತ್ತು?"

ರೇಡಿಯೋ ನೆಟ್ಟಗೆ ಕೂತ. "ಅ..." ಎಂದ. ತುಟಿ ಕೂಡಿತು, ಬಿಡಿಸಿಕೊಳ್ಳಲಿಲ್ಲ. "ಅಪ್... ಅ..." ಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡಿದರು. ತಮ್ಮ ತಲೆ ತಗ್ಗಿಸಿ ಬಿಸ್ಕತ್ತು ಮುರಿಯತೊಡಗಿದ. ಟೀ ತಂದ ಮನುಷ್ಯ ಟ್ರೇ ಹಿಡಿದುಕೊಂಡೇ ನಿಂತ. ಗಂಡನ ಹಣೆಯಲ್ಲಿ ಬೆವರು ಕಾಣಿಸಿದ್ದೇ ಬಣ್ಣದಕ್ಕನಿಗೆ ತಡೆಯಲಾಗಲಿಲ್ಲ.

"ಅವರಿಗೆ ತುಂಬಾ ಇಷ್ಟ ಆಯ್ತು," ಎಂದಳು. "ಕೊನೇ ಸೀನಲ್ಲಿ ಕಣ್ಣು ಒರೆಸ್ಕೊಂಡ್ರು, ನಾನು ನೋಡ್ದೆ."

"ಅದಲ್ಲ." ರೇಡಿಯೋನ ಎಡಗೈ ಮೇಜಿನ ಮೇಲೆ ಬಡಿಯಿತು. ಲೋಟ ಉರುಳಿ ಟೀ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. ಓರಗಿತ್ತಿ ಗಡಿಬಿಡಿಯಲ್ಲಿ ಕರವಸ್ತ್ರ ಹುಡುಕಿದಳು. ಅವನು ಯಾರನ್ನೂ ನೋಡದೆ ಎದ್ದು, ಕಾಲೆಳೆಯುತ್ತಾ ಬಾಗಿಲಿನ ಕಡೆ ನಡೆದ.

ಮನೆ ಸೇರುವ ತನಕ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಅವನ ಅಂಗಿ ಬಿಚ್ಚಿಸಿ ತಂದು, ಬಚ್ಚಲಲ್ಲಿ ನಲ್ಲಿ ಬಿಟ್ಟು ಕಲೆ ಉಜ್ಜತೊಡಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವನು ಬಂದು ನಿಂತದ್ದು ತಿಳಿಯಿತು. ಅವಳು ತಿರುಗಲಿಲ್ಲ.

"ಕೋಪ ಬಂತಲ್ಲ ನಿಮಗೆ," ಎಂದಳು, ಉಜ್ಜುತ್ತಲೇ. "ಬರಬೇಕಾದ್ದೇ. ನನಗೂ ಬರಬೇಕಿತ್ತು ಇಷ್ಟು ವರ್ಷ. ಯಾರಾದ್ರೂ ನನ್ನ ಕೇಳಿದ್ರೆ ನೀವೇ ಹೇಳ್ಬಿಡ್ತಿದ್ರಿ. ಅವಳಿಗೆ ಇಷ್ಟ ಆಯ್ತು, ಅವಳು ಅತ್ಲು. ಅವತ್ತು ನನಗೆ ನೆಗಡಿ ಆಗಿತ್ತು ಕಣ್ರೀ. ಆ ತಾಯಿನ ಕಂಡ್ರೆ ಮೈ ಉರೀತಿತ್ತು ನನಗೆ. ಯಾರಿಗೆ ಹೇಳ್ಲಿ?"

ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ಅಂಗಿಯನ್ನು ಹಿಂಡಿ, ಬಿಡಿಸಿ, ಕಲೆ ಹೋಗಿದ್ದರೂ ಮತ್ತೆ ಉಜ್ಜಿದಳು.

"ನನಗೆ ಆಗ ಅದು ತಪ್ಪು ಅಂತಾನೂ ಅನ್ನಿಸ್ಲಿಲ್ಲ. ಇವತ್ತು ನಾನೇ ಅದನ್ನ ಮಾಡ್ದೆ ನೋಡಿ, ಆಗ ಗೊತ್ತಾಯ್ತು. ನಿಮ್ಮ ಕಷ್ಟ ನೋಡೋಕಾಗ್ಲಿಲ್ಲ ಅಂತ ಹೇಳ್ದೆ. ನೀವೂ ಹಾಗೇ ಅಂದ್ಕೊಂಡಿದ್ರೇನೋ, ನನಗೆ ಮಾತಾಡೋದು ಕಷ್ಟ ಅಂತ."

ಅವಳು ನಲ್ಲಿ ನಿಲ್ಲಿಸಿ ತಿರುಗಿದಳು. ಅವನು ಬನಿಯನ್ನಿನಲ್ಲಿ, ಚೌಕಟ್ಟಿಗೆ ಒರಗಿ ನಿಂತಿದ್ದ. ಮುಖದಲ್ಲಿ ಕೋಪವಿರಲಿಲ್ಲ.

"ನೆ... ಗಡಿ," ಎಂದ. ಅವನ ಭುಜ ಅಲುಗತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ಮೊದಲು ತಿಳಿಯಲಿಲ್ಲ. ನಗುವೇ ಆಗಿತ್ತು, ಕೊನೆಯಲ್ಲಿ ಎರಡೂ ಆಯಿತು. ಅವಳು ಒದ್ದೆ ಕೈಯಲ್ಲೇ ಅವನ ತೋಳು ಹಿಡಿದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು. ತಾನು ಎದುರಿಗೆ ಕೂತಳು.

"ಈಗ ಹೇಳಿ. ಏನನ್ನಿಸ್ತು ನಿಮಗೆ ಆ ಸಿನಿಮಾ?"

ಅವಳು ಕಾದಳು. ಪಕ್ಕದ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಅವನು ಬಾಯಿ ತೆರೆದ, ಮುಚ್ಚಿದ, ಎಡಗೈಯಿಂದ ತೊಡೆ ತಟ್ಟಿಕೊಂಡ. ಅವಳ ನಾಲಿಗೆಯ ತುದಿಗೆ ಹತ್ತು ಉತ್ತರಗಳು ಬಂದವು. ಒಂದನ್ನೂ ಆಡಲಿಲ್ಲ.

"ಅಪ್ಪ," ಎಂದ ಅವನು. ಮತ್ತೆ ಬಹಳ ಹೊತ್ತು. "ಬಾಯಿ... ಇತ್ತು." ಉಸಿರು ತೆಗೆದುಕೊಂಡ. "ಹೇಳ... ಹೇಳಬೇಕಿತ್ತು."

ಅಪ್ಪ ಏನೂ ಹೇಳದೆ ನಡೆದುಹೋದದ್ದೇ ಅವಳಿಗೆ ಆ ಸಿನಿಮಾದಲ್ಲಿ ಹಿಡಿಸಿದ ಭಾಗ. ಗಂಡನ ಮಾತಿಗೆ ಹೂಂ ಎಂದುಬಿಟ್ಟರೆ ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ಸಮಾಧಾನಕ್ಕೆ ಹೂಂ ಎನ್ನುವುದು ಮಗುವಿನ ಹತ್ತಿರ ಮಾತಾಡಿದ ಹಾಗೆ.

"ನನಗೆ ಹಾಗನ್ನಿಸ್ಲಿಲ್ಲ," ಎಂದಳು. "ಹಗ್ಗ ಕೈಗಿಟ್ಟಾಗ ಮಗನಿಗೆ ಎಲ್ಲ ಗೊತ್ತಾಯ್ತು. ಅಲ್ಲಿ ಮಾತು ಹಾಕಿದ್ರೆ ಕೆಡ್ತಿತ್ತು."

"ಇಲ್ಲ," ಎಂದ ರೇಡಿಯೋ. ಅದು ಹೊಸ ಶಬ್ದ. ಅವನಿಗೂ ಅದು ಬಂದದ್ದು ಆಶ್ಚರ್ಯವಾಗಿರಬೇಕು, ಮತ್ತೆ ಹೇಳಿ ನೋಡಿದ: "ಇಲ್ಲ. ಹೇಳಬೇಕಿತ್ತು."

"ಬೇಕಿರಲಿಲ್ಲ."

"ಬೇ... ಕಿತ್ತು."

ಹೊರಗೆ ಬೆಳಕು ಕರಗುವ ತನಕ ಅವರು ಅಲ್ಲೇ ಕೂತು ವಾದ ಮಾಡಿದರು. ಅವನ ಪಾಲಿಗೆ ಬಂದದ್ದು ಹತ್ತಿಪ್ಪತ್ತು ಶಬ್ದವಷ್ಟೇ, ಆದರೆ ಅವನು ಬಿಟ್ಟುಕೊಡಲಿಲ್ಲ. ಅವಳೂ ಬಿಟ್ಟುಕೊಡಲಿಲ್ಲ.

ರೇಡಿಯೋ ಮೊದಲಿನ ಹಾಗೆ ಆಗಲಿಲ್ಲ. ಆಗುವುದಿಲ್ಲ ಎಂದು ಡಾಕ್ಟರಮ್ಮನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಸಣ್ಣ ವಾಕ್ಯಗಳು ಬರುತ್ತವೆ, ನಡುನಡುವೆ ಶಬ್ದ ಸಿಗದೆ ನಿಲ್ಲುತ್ತಾನೆ. ಕಾರಿನ ಶಾಲೆಯವರು ಅವನನ್ನು ಬಿಡಲಿಲ್ಲ. ಈಗ ಮುಂದೆ ಕೂತು ಕಲಿಸುವುದು ಇನ್ನೊಬ್ಬ, ಹಿಂದಿನ ಸೀಟಿನಲ್ಲಿ ಇವನು. ಕಲಿಯುವವರು ತಪ್ಪು ಮಾಡಿದರೆ ಭುಜ ತಟ್ಟುತ್ತಾನೆ. ಇವನು ಬೈಯುವಷ್ಟರಲ್ಲಿ ಅವರು ತಪ್ಪು ತಿದ್ದಿಕೊಂಡಾಗಿರುವುದರಿಂದ ಎಲ್ಲರಿಗೂ ಇವನೇ ಇಷ್ಟ.

ಮೊನ್ನೆ ಭಾನುವಾರ ಯಾವ ಸಿನಿಮಾಕ್ಕೆ ಹೋಗುವುದೆಂದು ಮಾತು ಬಂತು. ಬ್ಯಾಂಕು ದೋಚುವ ಕಳ್ಳರದು ಬೇಕೆಂದು ಅವನು, ಹಾಡುಗಾರ್ತಿಯೊಬ್ಬಳ ಕತೆ ಬೇಕೆಂದು ಅವಳು. ಮೊದಲಾಗಿದ್ದರೆ ಅವಳು ಸರಿ ಬಿಡಿ ಎನ್ನುತ್ತಿದ್ದಳು. ಈ ಸಲ ಟಿಕೆಟ್ ಕಿಟಕಿಯ ಮುಂದೆ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಅಣ್ಣ ತಮ್ಮ ಒಂದು ಪರದೆಗೆ, ಓರಗಿತ್ತಿಯರು ಇನ್ನೊಂದು ಪರದೆಗೆ ಹೋದರು. ಮದುವೆಯಾದ ಮೇಲೆ ಗಂಡ ಹೆಂಡತಿ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಸಿನಿಮಾ ನೋಡಿದ್ದು ಆವತ್ತೇ ಮೊದಲು.

ಹೊರಗೆ ಬಂದು ನಾಲ್ವರೂ ಬಸ್ ಸ್ಟಾಪಿನ ಕಡೆ ನಡೆಯುವಾಗ ರೇಡಿಯೋ ಕತೆ ಶುರುಮಾಡಿದ್ದ. ತಮ್ಮ ನಡುವೆ ಬಾಯಿ ಹಾಕಹೋದಾಗ ಬಣ್ಣದಕ್ಕ ಕಣ್ಣಲ್ಲೇ ಗದರಿಸಿದಳು. ಅವನು ಸುಮ್ಮನಾಗಿ, ಹೆಂಡತಿಯನ್ನು ಕರೆದುಕೊಂಡು ತನ್ನ ಮನೆಯ ದಾರಿ ಹಿಡಿದ. ಗಂಡ ಹೆಂಡತಿ ಬೆಂಚಿನ ಮೇಲೆ ಕೂತರು.

"ಕಳ್ಳ," ಎಂದ ರೇಡಿಯೋ. "ಬ್ಯಾಂಕಿನ... ಹಿಂದೆ. ಅಲ್ಲಿ ಒಂದು..." ಶಬ್ದ ಸಿಗಲಿಲ್ಲ. ಎಡಗೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿ ತೋರಿಸಿದ.

ಬಸ್ಸು ಬಂದು ನಿಂತಿತು. ಡ್ರೈವರು ಅವರ ಕಡೆ ನೋಡಿದ. ಬಣ್ಣದಕ್ಕ ಡ್ರೈವರಿಗೆ, ತಾವು ಹತ್ತುವುದಿಲ್ಲವೆಂದು ತಲೆಯಾಡಿಸಿ, ಗಂಡನ ಕಡೆ ತಿರುಗಿ ಕೂತಳು. ಅವನ ಕತೆಯಲ್ಲಿ ಕಳ್ಳ ಇನ್ನೂ ಗೋಡೆ ಹತ್ತುತ್ತಿದ್ದ.